ಪರದೆಯ ಹಿಂದಿನ ಬಾಯಿ

ನನಗೊಂದು ಕೆಟ್ಟ ಅಭ್ಯಾಸವಿದೆ. ಎದುರಿಗಿರುವವರು ಮಾತಿನ ನಡುವೆ ಒಂದು ಉಸಿರು ನಿಲ್ಲಿಸಿದರೆ ಸಾಕು, ಮುಂದಿನ ಶಬ್ದವನ್ನು ನಾನೇ ಹೇಳಿಬಿಡುತ್ತೇನೆ. ಮೊನ್ನೆ ಕಾರ್ಕಳದಿಂದ ಹೊರಟ ಬಸ್ಸಿನಲ್ಲಿ ಕಂಡಕ್ಟರ್ "ಬೆಳ್ಮಣ್ ಇಳಿಯುವವರು..." ಎಂದು ಚಿಲ್ಲರೆ ಹುಡುಕುತ್ತ ನಿಂತ. "ಮುಂದೆ ಬನ್ನಿ" ಎಂದು ಮೂರನೆಯ ಸೀಟಿನಿಂದ ಧ್ವನಿ ಬಂತು. ಆ ಧ್ವನಿ ನನ್ನದೆಂದು ತಿಳಿಯುವಷ್ಟರಲ್ಲಿ ನಾಲ್ಕು ಜನ ಎದ್ದು ಬಾಗಿಲಿಗೆ ಹೋಗಿಯಾಗಿತ್ತು. ಕಂಡಕ್ಟರ್ ನನ್ನನ್ನೊಮ್ಮೆ ನೋಡಿ, "ಟೀಚರ್, ಶಿರ್ವ ಬಂದಾಗಲೂ ನೀವೇ ಹೇಳಿಬಿಡಿ, ನಾನು ಸ್ವಲ್ಪ ಕೂತ್ಕೊಳ್ತೇನೆ" ಎಂದ.

ಇಗರ್ಜಿಯಲ್ಲಿಯೂ ಇದೇ ಪಾಡು. ನಮ್ಮ ಹೊಸ ಪಾದ್ರಿಗಳಿಗೆ ಪ್ರವಚನದ ನಡುವೆ ಗಂಭೀರವಾಗಿ ಮೌನ ತಾಳುವ ಶೈಲಿಯಿದೆ. ಆ ಮೌನ ಭಕ್ತರು ಯೋಚಿಸಲಿ ಎಂದು ಬಿಟ್ಟದ್ದು. ನನ್ನ ತುಟಿ ಮಾತ್ರ ಅವರು ವಾಕ್ಯ ಮರೆತರೇನೋ ಎಂದು ಗಾಬರಿಯಿಂದ ಅಲ್ಲಾಡುತ್ತಿರುತ್ತದೆ. ಪಕ್ಕದಲ್ಲಿ ನನ್ನ ಯಜಮಾನರ ಮೊಣಕೈ ಸಿದ್ಧವಾಗಿಯೇ ಇರುತ್ತದೆ. ಪಾಪ, ಅವರು ಮನೆಯಲ್ಲಿ ಒಂದು ವಾಕ್ಯವನ್ನು ಪೂರ್ತಿ ಹೇಳಿ ಎಷ್ಟೋ ವರ್ಷಗಳಾದವು. "ಲೀನಾ, ನನ್ನ ಕನ್ನಡಕ..." ಎಂದರೆ "ಫ್ರಿಜ್ಜಿನ ಮೇಲೆ" ಎನ್ನುತ್ತೇನೆ. ಮದುವೆಯಾದ ಹೊಸತರಲ್ಲಿ ಅವರು ಸೊಗಸಾಗಿ, ನಿಧಾನವಾಗಿ ಮಾತಾಡುತ್ತಿದ್ದರೆಂಬ ನೆನಪು ನನಗಿದೆ. ಈಗ ಅರ್ಧ ಮಾತಾಡಿ ಪತ್ರಿಕೆ ಬಿಡಿಸುತ್ತಾರೆ.

ಈ ರೋಗ ಅಂಟಿಕೊಂಡದ್ದು ಕಾರ್ಕಳದಲ್ಲಿ, ನನ್ನ ಐದನೆಯ ತರಗತಿಯಲ್ಲಿ. ಶಾಲೆಯ ವಾರ್ಷಿಕೋತ್ಸವಕ್ಕೆ ಒಂದು ರಾಜನ ನಾಟಕವಿತ್ತು. ನಾನು ತರಗತಿಗೇ ಎತ್ತರದ ಹುಡುಗಿ. ದಾಸಿಯ ಪಾತ್ರಕ್ಕೆ ನಿಲ್ಲಿಸಿ ನೋಡಿದರು. ರಾಜ ನನ್ನ ಭುಜದವರೆಗೆ ಬಂದ. ಮುಖ್ಯೋಪಾಧ್ಯಾಯಿನಿಯಾಗಿದ್ದ ಸಿಸ್ಟರ್ ಸ್ವಲ್ಪ ಹೊತ್ತು ನಮ್ಮಿಬ್ಬರನ್ನೂ ನೋಡಿ, ನನ್ನ ಕೈಗೆ ನಾಟಕದ ಪುಸ್ತಕ ಕೊಟ್ಟು, ಪರದೆಯ ಹಿಂದೆ ನಿಂತು ಮರೆತವರಿಗೆ ಮಾತು ಹೇಳಿಕೊಡುವ ಕೆಲಸ ವಹಿಸಿದರು.

ಪರದೆಯ ಹಿಂದೆ ಒಂದು ಬೇರೆಯೇ ಲೋಕವಿತ್ತು. ಮೀಸೆ ಅಂಟಿಸುವ ಗೋಂದಿನ ವಾಸನೆ, ಪರದೆಯ ಮಡಿಕೆಯಲ್ಲಿ ಉಳಿದ ನುಸಿಗುಳಿಗೆಯ ವಾಸನೆ, ಹಗ್ಗದಿಂದ ಕಟ್ಟಿದ ಬೆಂಚುಗಳ ಕಿರಕಿರ. ಮುಖ್ಯ ಅತಿಥಿಗಳಿಗೆಂದು ತಂದ ಲಾಡುಗಳ ತಟ್ಟೆಯೂ ನನ್ನ ಕಾವಲಿನಲ್ಲೇ ಇತ್ತು. ಆ ವರ್ಷ ಒಂದು ಲಾಡು ಕಡಿಮೆ ಬಂದದ್ದಕ್ಕೆ ಇಲಿಯನ್ನು ಬೈದರು. ನಾನು ಸುಮ್ಮನಿದ್ದ ಅಪರೂಪದ ಸಂದರ್ಭಗಳಲ್ಲಿ ಅದೂ ಒಂದು.

ನಾಟಕ ಶುರುವಾಯಿತು. ರಾಜ ಮೊದಲ ವಾಕ್ಯವನ್ನೇ ಮರೆತ. ನಾನು ಹೇಳಿಕೊಟ್ಟೆ. ಅವನಿಗೆ ಅದು ಬಹಳ ಅನುಕೂಲವೆನಿಸಿತೋ ಏನೋ, ಆಮೇಲೆ ಗೊತ್ತಿದ್ದ ಮಾತಿಗೂ ಕಾಯತೊಡಗಿದ. ರಾಜನನ್ನು ನೋಡಿ ಮಂತ್ರಿ, ಮಂತ್ರಿಯನ್ನು ನೋಡಿ ರಾಣಿ, ಎಲ್ಲರೂ ಪರದೆಯ ಕಡೆ ಕಿವಿ ವಾಲಿಸಿ ನಿಂತರು. ಮನೆಗೆ ನಡೆದು ಹೋಗುವಾಗ ನನ್ನ ಅಪ್ಪ, "ನಾಟಕ ಚಂದ ಇತ್ತು. ಒಂದೇ ನಾಟಕವನ್ನು ಎರಡು ಸಲ ಕೇಳಿದ ಹಾಗಾಯಿತು" ಎಂದರು. ಅದನ್ನು ಹೊಗಳಿಕೆಯೆಂದು ತಿಳಿದು ಹಿಗ್ಗಿದವಳು ನಾನು. ಅಲ್ಲಿಂದ ಹೈಸ್ಕೂಲು, ಕಾಲೇಜು, ಆಮೇಲೆ ಕಾಪುವಿನ ಹತ್ತಿರದ ಶಾಲೆಯಲ್ಲಿ ವಿಜ್ಞಾನದ ಟೀಚರಾಗಿ ಇಷ್ಟು ವರ್ಷ, ಎಲ್ಲ ನಾಟಕಗಳಲ್ಲೂ ನನ್ನ ಜಾಗ ಪರದೆಯ ಹಿಂದೆಯೇ.

ಹೀಗಿರುವಾಗ ಕಳೆದ ವರ್ಷ ನಮ್ಮ ಶಾಲೆಯಿಂದ ಇಬ್ಬರನ್ನು ಮಣಿಪಾಲದ ಒಂದು ಕಾರ್ಯಾಗಾರಕ್ಕೆ ಕಳುಹಿಸಿದರು. ಡಿಸೈನ್ ಥಿಂಕಿಂಗ್ ಬಳಸಿ ಪಾಠದೊಳಕ್ಕೆ ರಂಗಭೂಮಿಯನ್ನು ತರುವುದು ಹೇಗೆ ಎಂಬುದು ವಿಷಯ. ರಂಗಭೂಮಿ ಎಂಬ ಶಬ್ದ ಕಂಡು ನನ್ನನ್ನೂ, ಯಕ್ಷಗಾನದ ಹುಚ್ಚಿನ ಕನ್ನಡ ಪಂಡಿತರಾದ ಸುಧಾಕರ ಮಾಸ್ಟ್ರನ್ನೂ ಆರಿಸಿದರು. ಡಿಸೈನ್ ಎಂಬ ಶಬ್ದಕ್ಕೆ ನಮ್ಮಲ್ಲಿ ಯಾರೂ ಇರಲಿಲ್ಲ. ಏಸಿಯ ಸಭಾಂಗಣದಲ್ಲಿ ಮಾಸ್ಟ್ರು ಶಾಲು ಹೊದ್ದು ಕುಳಿತರು.

ನಡೆಸಿಕೊಟ್ಟವಳು ಅನಘಾ ಎಂಬ ಮೈಸೂರಿನ ಹುಡುಗಿ. ಮಣಿಪಾಲದಲ್ಲಿಯೇ ವಿನ್ಯಾಸ ಕಲಿಯುತ್ತಿದ್ದಳು. ಅವಳು ಹೇಳಿದ್ದು ಇಷ್ಟು: ಮೊದಲು ಯಾರಿಗಾಗಿ ಮಾಡುತ್ತೀರೋ ಅವರ ಮಾತು ಕೇಳಿ. ಆಮೇಲೆ ತೊಂದರೆ ಏನೆಂದು ಒಂದೇ ವಾಕ್ಯದಲ್ಲಿ ಬರೆಯಿರಿ. ನಾಲ್ಕಾರು ಉಪಾಯ ಹುಡುಕಿ. ಒಂದನ್ನು ಕಚ್ಚಾ ರೂಪದಲ್ಲಿ ಮಾಡಿ ನೋಡಿ. ಕೆಟ್ಟರೆ ಸಂತೋಷಪಟ್ಟು ಮತ್ತೆ ಮಾಡಿ. ನನ್ನ ಅತ್ತೆ ನೆಂಟರಿಗೆ ಅಡುಗೆ ಮಾಡುತ್ತಿದ್ದದ್ದು ಹೆಚ್ಚುಕಡಿಮೆ ಹೀಗೆಯೇ, ಕೆಟ್ಟರೆ ಸಂತೋಷಪಡುವುದೊಂದು ಬಿಟ್ಟು. ಕೊನೆಗೆ ನಮಗೆ ಕಟ್ಟುಗಟ್ಟಲೆ ಹಳದಿ ಅಂಟುಚೀಟಿ ಕೊಟ್ಟು, ಮಕ್ಕಳು ಹೇಳಿದ್ದನ್ನು ಒಂದೊಂದು ಚೀಟಿಯಲ್ಲಿ ಬರೆದು ಗೋಡೆಗೆ ಹಚ್ಚಲು ಹೇಳಿದಳು.

ಮರುದಿನವೇ ನಾನು ಒಂಬತ್ತನೆಯ ತರಗತಿಯ ಮೂವತ್ತೆಂಟು ಮಕ್ಕಳನ್ನೂ ಒಬ್ಬೊಬ್ಬರಾಗಿ ಕರೆದು ಕೇಳಿದೆ.

"ವಿಜ್ಞಾನದಲ್ಲಿ ಎಂತ ತೊಂದರೆ ಉಂಟು?"

ಮಗು ಕಾಲ್ಬೆರಳಿನಲ್ಲಿ ನೆಲ ಕೆರೆಯುತ್ತಿತ್ತು.

"ಪಾಠ ಕಷ್ಟ ಆಗ್ತದಾ?"

"ಹೌದು ಟೀಚರ್."

"ನಾಟಕ ಮಾಡಿ ತೋರಿಸಿದ್ರೆ ಸುಲಭ ಆಗ್ಬಹುದಲ್ವಾ?"

"ಆಗ್ಬಹುದು ಟೀಚರ್."

ಒಂದೂವರೆ ಗಂಟೆಯಲ್ಲಿ ಎಲ್ಲ ಮುಗಿಯಿತು. ಗೋಡೆಯೆಲ್ಲ ಹಳದಿಯಾಯಿತು. ಸಂಜೆಯೊಳಗೆ ಸಮುದ್ರದ ಗಾಳಿಗೆ ಅಂಟು ಬಿಟ್ಟು ಚೀಟಿಗಳು ಉದುರಿದವು. ಮಾಸ್ಟ್ರು ತಮ್ಮ ಬುತ್ತಿಯ ಅನ್ನದ ಅಗುಳು ಹಚ್ಚಿ ಮತ್ತೆ ನಿಲ್ಲಿಸಿದರು.

ಮುಂದಿನ ವಾರ ಅನಘಾ ಸ್ಕೂಟರಿನಲ್ಲಿ ಕಾಪುವಿಗೆ ಬಂದಳು. ಗೋಡೆಯ ಮುಂದೆ ನಿಂತು ಚೀಟಿಗಳನ್ನೆಲ್ಲ ಓದಿದಳು. ಅವಳ ಮುಖದಲ್ಲಿ ನಗು ಬಂತು, ಅದನ್ನು ನುಂಗಿಕೊಂಡಳು.

"ಮೇಡಂ, ಇದು ಮಕ್ಕಳ ಮಾತಲ್ಲ. ಎಲ್ಲಾ ಚೀಟೀಲೂ ನೀವೇ ಇದ್ದೀರ."

ಒಂದು ಚೀಟಿಯಲ್ಲಿ ಮಾತ್ರ "ಗೊತ್ತಿಲ್ಲ" ಎಂದಿತ್ತು. ಅದು ಯಕ್ಷಿತಾಳದ್ದು. ಅವಳು "ಗೊತ್ತಿಲ್ಲ" ಎಂದೂ ಹೇಳಿರಲಿಲ್ಲ, ಕಾದು ಸಾಕಾಗಿ ನಾನೇ ಬರೆದಿದ್ದೆ. ಕಡಲಕರೆಯ ಮನೆಯ ಹುಡುಗಿ. ಪ್ರಶ್ನೆ ಕೇಳಿದರೆ ಎದ್ದು ನಿಲ್ಲುತ್ತಾಳೆ, ಬಾಯಿ ತೆರೆಯುತ್ತಾಳೆ, ಅಲ್ಲಿಗೆ ನಿಲ್ಲುತ್ತದೆ. ನಾನು ಉತ್ತರ ಹೇಳಿ ಕೂರಿಸುತ್ತೇನೆ. ನಿಧಾನ ಕಲಿಕೆಯವರ ಪಟ್ಟಿಗೆ ಆ ತಿಂಗಳು ನಾನೇ ಅವಳ ಹೆಸರು ಬರೆದಿದ್ದೆ. ಪಟ್ಟಿ ಒಮ್ಮೆ ಅಖೈರಾದರೆ ಆ ಮಕ್ಕಳು ಹತ್ತನೆಯ ತರಗತಿ ಮುಗಿಯುವವರೆಗೂ ದಿನಾ ಸಂಜೆ ಬೇರೆ ಕೋಣೆಯಲ್ಲಿ ಕುಳಿತು ಹತ್ತಿಪ್ಪತ್ತು ಉತ್ತರ ಬಾಯಿಪಾಠ ಮಾಡಬೇಕು. ಅಲ್ಲಿ ಯಾರೂ ಅವರನ್ನು ಹೊಸ ಪ್ರಶ್ನೆ ಕೇಳುವುದಿಲ್ಲ.

"ಇವಳ ಮನೆಗೆ ಹೋಗಿ ಬನ್ನಿ ಮೇಡಂ. ಕೇಳೋದಕ್ಕಲ್ಲ, ಸುಮ್ನೆ ಇದ್ದು ಬರೋದಕ್ಕೆ" ಎಂದಳು ಅನಘಾ. ಸುಮ್ಮನಿರುವುದು ಎಷ್ಟು ಕಷ್ಟವೆಂದು ಆ ಹುಡುಗಿಗೆ ತಿಳಿದಿರಲಿಲ್ಲ.

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಹೋದೆ. ಬೇಲಿಯ ದಣಪೆ ದಾಟುವ ಮೊದಲೇ ಅಂಗಳದಿಂದ ಒಂದು ಪರಿಚಿತ ಧ್ವನಿ ಕೇಳಿಸಿತು. ಎಲ್ಲೋ ಕೇಳಿದ ಧ್ವನಿಯಲ್ಲವೇ ಎಂದು ನಿಂತೆ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ನಿಂತಿದ್ದಾಳೆ ಯಕ್ಷಿತಾ. ಭುಜದ ಮೇಲೆ ಅಮ್ಮನ ಶಾಲು, ಕೈಯಲ್ಲಿ ತೆಂಗಿನ ಕಡ್ಡಿ. ಕೆಳಗೆ ಚಿಕ್ಕಮ್ಮನ ಎರಡು ಪುಟ್ಟ ಮಕ್ಕಳು ಚಕ್ಕಳಮಕ್ಕಳ ಹಾಕಿ ಕುಳಿತಿವೆ.

"ಹೇಳಿ ಮಕ್ಕಳೇ, ಸಸ್ಯಗಳು ಆಹಾರ ತಯಾರಿಸುವ ಕ್ರಿಯೆಗೆ ಎಂತ ಹೇಳ್ತಾರೆ? ದ್ಯು... ದ್ಯುತಿ... ದ್ಯುತಿಸಂಶ್ಲೇಷಣೆ. ವೆರಿ ಗುಡ್. ಕೂತ್ಕೋ. ಅದು ಎಲ್ಲಿ ನಡೀತದೆ? ಎ... ಎಲೆ... ಎಲೆಯಲ್ಲಿ. ವೆರಿ ಗುಡ್. ಕೂತ್ಕೋ."

ಮಕ್ಕಳು ಬಾಯಿಯೇ ತೆರೆದಿರಲಿಲ್ಲ. ಎದ್ದೂ ಇರಲಿಲ್ಲ. ನನ್ನ ಎಡಗೈ ಸೊಂಟಕ್ಕೆ ಹೋಗುವ ರೀತಿ, "ವೆರಿ ಗುಡ್" ಎಂದು ಕೊನೆಗೆ ಎಳೆಯುವ ರಾಗ, ಒಂದೂ ಬಿಟ್ಟಿರಲಿಲ್ಲ. ತರಗತಿಯಲ್ಲಿ ಒಂದು ಶಬ್ದ ಹೊರಡಿಸದ ಹುಡುಗಿ ಇಲ್ಲಿ ಒಂದು ತೊಡರಿಲ್ಲದೆ ನನ್ನನ್ನು ಪೂರ್ತಿ ಒಪ್ಪಿಸುತ್ತಿದ್ದಳು. ನನಗೆ ಮೊದಲು ನಗು ಬಂತು, ನಗು ಮುಗಿಯುವ ಮೊದಲೇ ನಾಚಿಕೆಯೂ ಬಂತು.

ಒಳಗಿನಿಂದ ಅವಳ ಅಮ್ಮ ಬಂದರು. "ಟೀಚರ್ ಬಂದ್ರಾ? ಬನ್ನಿ, ಬನ್ನಿ" ಎಂದು ಕುರ್ಚಿ ಎಳೆದರು. ಯಕ್ಷಿತಾ ಕಲ್ಲಿನಿಂದ ಇಳಿದು ಶಾಲು ಬೆನ್ನ ಹಿಂದೆ ಅಡಗಿಸಿಕೊಂಡಳು. ನಾನು ಕೇಳಿದ್ದು ಒಂದೇ ಪ್ರಶ್ನೆ: "ತರಗತಿಯಲ್ಲಿ ಯಾಕೆ ಹೀಗೆ ಮಾತಾಡುದಿಲ್ಲ?" ಕೇಳಿ ಬಾಯಿ ಮುಚ್ಚಿದೆ. ಮುಚ್ಚಿಯೇ ಇಡಲು ಅವರು ಕೊಟ್ಟ ಶರಬತ್ತಿನ ಲೋಟವನ್ನು ತುಟಿಯಿಂದ ತೆಗೆಯಲಿಲ್ಲ. ಕಾಗೆಯೊಂದು ಬಂದು ಕುಳಿತು ಹಾರಿಹೋಯಿತು. ಅಮ್ಮ, "ಅದು ಎಂತ ಅಂದ್ರೆ ಟೀಚರ್, ಇವಳಿಗೆ..." ಎಂದು ಶುರುಮಾಡಿದರು. ಅವರ ಕೈ ಹಿಡಿದು ತಡೆದೆ. ಇನ್ನೊಬ್ಬರ ಬಾಯಿಯಲ್ಲಿ ನನ್ನ ರೋಗವನ್ನು ಕಂಡದ್ದು ಅದೇ ಮೊದಲು.

ಕೊನೆಗೆ ಯಕ್ಷಿತಾ ಹೇಳಿದಳು. "ನಾನು ಮೊದಲು ತುಳುವಿನಲ್ಲಿ ಯೋಚನೆ ಮಾಡ್ತೇನೆ ಟೀಚರ್. ಮತ್ತೆ ಅದನ್ನು ಕನ್ನಡಕ್ಕೆ ತರ್ಬೇಕು. ತರುವಷ್ಟರಲ್ಲಿ ನೀವು ಹೇಳಿ ಆಗಿರ್ತದೆ."

"ಮನೆಯಲ್ಲಿ ಈಗ ಕನ್ನಡ ಮಾತಾಡಿದಿ ಅಲ್ವಾ?"

"ಅದು ನಿಮ್ಮ ಮಾತಲ್ವಾ ಟೀಚರ್. ನಂದು ಅಲ್ಲ."

ಬಸ್ಸಿನಲ್ಲಿ ಕಾರ್ಕಳದ ಹತ್ತಿರದ ಕುಕ್ಕುಂದೂರಿನ ನಮ್ಮ ಮನೆಗೆ ಮರಳುವಾಗ ದಾರಿಯುದ್ದಕ್ಕೂ ನಾನು ಇದನ್ನೇ ಯೋಚಿಸಿದೆ. ನನ್ನ ಮನೆಮಾತು ಕೊಂಕಣಿ. ಇವತ್ತಿಗೂ ಅಂಕಗಳನ್ನು ಮನಸ್ಸಿನಲ್ಲಿ ಕೊಂಕಣಿಯಲ್ಲಿ ಕೂಡಿಸಿ, ಮಕ್ಕಳಿಗೆ ಕನ್ನಡದಲ್ಲಿ ಹೇಳುತ್ತೇನೆ. ಒಂದು ಭಾಷೆಯಿಂದ ಇನ್ನೊಂದಕ್ಕೆ ಹೋಗಲು ಎಷ್ಟು ಹೊತ್ತು ಬೇಕೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಮ್ಮ ಊರಿನಲ್ಲಿ ಕನ್ನಡವನ್ನು ನಾವು ಇಸ್ತ್ರಿ ಹಾಕಿಯೇ ಹೊರಗೆ ತರುವುದು. ಆ ಹುಡುಗಿ ಇಸ್ತ್ರಿ ಹಾಕುತ್ತಿದ್ದ ಹೊತ್ತನ್ನು ನಾನು ದಡ್ಡತನವೆಂದು ಪಟ್ಟಿಯಲ್ಲಿ ಬರೆದಿದ್ದೆ. ನನ್ನ ಮೇಲೆ ನನಗೇ ಸಿಟ್ಟು ಬಂತು.

ತೊಂದರೆಯನ್ನು ಒಂದೇ ವಾಕ್ಯದಲ್ಲಿ ಬರೆಯಬೇಕಿತ್ತಲ್ಲ. ಮೊದಲು "ಯಕ್ಷಿತಾ ನಿಧಾನ" ಎಂದು ಬರೆದಿದ್ದೆ. ಅದನ್ನು ಹೊಡೆದು "ಟೀಚರಿಗೆ ಅವಸರ" ಎಂದು ಬರೆದೆ. ಅನಘಾ ಅದನ್ನು ಫೋನಿನಲ್ಲಿ ಫೋಟೋ ತೆಗೆದುಕೊಂಡಳು. ಮುಖ್ಯೋಪಾಧ್ಯಾಯಿನಿಯವರಲ್ಲಿ, ಒಂದು ಪಾಠವನ್ನು ನಾಟಕವಾಗಿ ಮಾಡಿ ತೋರಿಸುವವರೆಗೆ ಆ ಪಟ್ಟಿಯನ್ನು ಅಖೈರು ಮಾಡಬೇಡಿ ಎಂದು ಬೇಡಿಕೊಂಡೆ. "ಆಗಲಿ, ಅವತ್ತು ನಾನೇ ಬಂದು ನೋಡ್ತೇನೆ. ಆ ಹುಡುಗಿ ಬಾಯಿ ಬಿಟ್ರೆ ಹೆಸರು ತೆಗಿವ" ಎಂದರು.

ಉಪಾಯ ಕೊಟ್ಟವರು ಸುಧಾಕರ ಮಾಸ್ಟ್ರು. "ಲೀನಾ ಟೀಚರ್, ಯಕ್ಷಗಾನದಲ್ಲಿ ಮಾತು ಬರೆದು ಕೊಡುವ ಕ್ರಮ ಎಲ್ಲುಂಟು? ಪ್ರಸಂಗದ ಕಥೆ ಗೊತ್ತಿರ್ಬೇಕು, ಭಾಗವತರು ಹಾಡುವ ಪದ ಕೇಳ್ಬೇಕು. ಮಾತು ವೇಷಧಾರಿಯದ್ದೇ. ಹಿಂದೆ ನಿಂತು ಹೇಳಿಕೊಡುವವ ಯಾರೂ ಇಲ್ಲ" ಎಂದರು. ಇಷ್ಟು ವರ್ಷ ಇದೇ ನೆಲದಲ್ಲಿ ಬೆಳೆದು, ಎಷ್ಟೋ ಆಟ ನೋಡಿ, ಈ ವಿಷಯ ನನ್ನ ತಲೆಗೆ ಹೊಳೆದಿರಲಿಲ್ಲ. ನನ್ನಂಥವಳು ಬೇಕಾಗಿಯೇ ಇಲ್ಲದ ರಂಗಭೂಮಿ ಪಕ್ಕದ ಗದ್ದೆಯಲ್ಲೇ ಇತ್ತು.

ಹಾಗೆ 'ಹೃದಯ ಪ್ರಸಂಗ' ತಯಾರಾಯಿತು. ಬರೆದುಕೊಟ್ಟ ಸಂಭಾಷಣೆಯಿಲ್ಲ. ಮೈದಾನದಲ್ಲಿ ಸುಣ್ಣದ ಪುಡಿಯಿಂದ ಹೃದಯದ ನಾಲ್ಕು ಕೋಣೆ ಬರೆದೆವು. ಮಕ್ಕಳೇ ರಕ್ತ. ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುವಲ್ಲಿ ಇಬ್ಬರಿಬ್ಬರು ಕೈ ಹಿಡಿದು ಕವಾಟಗಳಾಗಿ ನಿಲ್ಲಬೇಕು. ಮುಂದೆ ಹೋಗುವ ರಕ್ತಕ್ಕೆ ಕೈ ಬಿಡಬೇಕು, ಹಿಂದೆ ಬರುವುದನ್ನು ತಡೆಯಬೇಕು. ಯಕ್ಷಿತಾ ತಾನಾಗಿ ಕವಾಟದ ಜಾಗದಲ್ಲಿ ಹೋಗಿ ನಿಂತಳು.

ಮೊದಲ ಪ್ರಯೋಗಕ್ಕೆ ರಟ್ಟು, ಹಳೆಯ ಬಟ್ಟೆ ಸಾಕು, ಕಚ್ಚಾ ಇದ್ದಷ್ಟೂ ಒಳ್ಳೆಯದು ಎಂದು ಅನಘಾ ಮತ್ತೆ ಮತ್ತೆ ಹೇಳಿದ್ದಳು. ಆದರೆ ನಮ್ಮ ಊರಿನಲ್ಲಿ ವೇಷವನ್ನು ಕಚ್ಚಾ ಮಾಡಿ ಗೊತ್ತೇ ಇಲ್ಲ. ಬೆಳಿಗ್ಗೆ ನೋಡಿದರೆ ಮಾಸ್ಟ್ರು ವೇಷಭೂಷಣದ ಅಂಗಡಿಯಿಂದ ಎರಡು ಪೆಟ್ಟಿಗೆ ರಿಕ್ಷಾದಲ್ಲಿ ತಂದು ಇಳಿಸುತ್ತಿದ್ದಾರೆ. ರಕ್ತಕಣಗಳಿಗೆ ಕಿರೀಟ, ಭುಜಕೀರ್ತಿ, ಎದೆಪದಕ.

"ಸರ್, ರಟ್ಟಿನ ಡಬ್ಬ ಸಾಕಿತ್ತಲ್ಲ" ಎಂದಳು ಅನಘಾ.

"ಸಭೆಗೆ ಬರುವಾಗ ಕಿರೀಟ ಇಲ್ಲದೆ ಹೇಗೆ ಮಾರಾಯ್ರೆ? ರಕ್ತ ಅಂದ್ರೆ ಸಾಮಾನ್ಯವಾ?" ಎಂದರು ಮಾಸ್ಟ್ರು.

ಕಿರೀಟ ಹೊತ್ತ ರಕ್ತ ಎರಡು ಸುತ್ತು ಓಡಿ ಏದುಸಿರು ಬಿಟ್ಟಿತು. ಮೂರನೆಯ ಸುತ್ತಿನಲ್ಲಿ ಭುಜಕೀರ್ತಿಗೆ ಭುಜಕೀರ್ತಿ ಸಿಕ್ಕಿಕೊಂಡು ಆರು ಮಕ್ಕಳು ಬಲ ಹೃತ್ಕುಕ್ಷಿಯೆಂಬ ಕೋಣೆಯ ಬಾಗಿಲಲ್ಲಿ ರಾಶಿಯಾದರು. ಉಳಿದವರು ಅಲ್ಲೇ ಕುಳಿತರು. ರಕ್ತ ಹೆಪ್ಪುಗಟ್ಟುವುದೆಂದರೇನು ಎಂದು ಅವತ್ತಿನ ನಂತರ ನಮ್ಮ ತರಗತಿಯಲ್ಲಿ ಯಾರಿಗೂ ವಿವರಿಸಬೇಕಾಗಿ ಬರಲಿಲ್ಲ. ಮಾಸ್ಟ್ರು ಪೆಟ್ಟಿಗೆಗಳನ್ನು ವಾಪಸು ಕಳುಹಿಸಿ, ಎರಡು ದಿನ ನಮ್ಮೊಂದಿಗೆ ಕಡಿಮೆ ಮಾತಾಡಿದರು.

ಉಳಿದದ್ದು ನನ್ನ ಸಮಸ್ಯೆ. ಪರದೆಯಿಲ್ಲ, ಪುಸ್ತಕವಿಲ್ಲ. ಆದರೂ ಮಕ್ಕಳು ಒಂದು ಕ್ಷಣ ತಡೆದರೆ ಬೇಲಿಯ ಬದಿಯಿಂದ ನನ್ನ ಮಾತು ಹಾರುತ್ತಿತ್ತು. ಮಕ್ಕಳೇ ಸಭೆ ಸೇರಿ ಒಂದು ತೀರ್ಮಾನ ಮಾಡಿದರು. ನನ್ನ ಕೈಗೆ ಎಣ್ಣೆಯ ಖಾಲಿ ಡಬ್ಬ ಮತ್ತು ಎರಡು ಕೋಲು ಕೊಟ್ಟು, "ಟೀಚರ್, ನೀವು ಹೃದಯದ ಬಡಿತ. ಬಡಿತಕ್ಕೆ ಮಾತಿಲ್ಲ" ಎಂದರು. ಬಡಿತ ನಿಂತರೆ ಎಲ್ಲರೂ ಸತ್ತಂತೆ, ಹಾಗಾಗಿ ನಾನು ನಿಲ್ಲಿಸುವಂತೆಯೂ ಇರಲಿಲ್ಲ.

ತೋರಿಸುವ ದಿನ ಶನಿವಾರ ಬೆಳಿಗ್ಗೆ. ಮೈದಾನದ ಸುತ್ತ ತಾಯಂದಿರು, ಬೇರೆ ಶಾಲೆಗಳ ಕೆಲವು ಟೀಚರುಗಳು, ಅನಘಾ, ಮುಂದಿನ ಸಾಲಿನಲ್ಲಿ ಮುಖ್ಯೋಪಾಧ್ಯಾಯಿನಿ. ಯಕ್ಷಿತಾಳ ಅಮ್ಮ ಮೀನು ಮಾರುವುದನ್ನು ಅವತ್ತಿನ ಮಟ್ಟಿಗೆ ನೆರೆಮನೆಯವಳಿಗೆ ಒಪ್ಪಿಸಿ ಬಂದಿದ್ದರು. ನಾನು ಬಡಿದೆ, ರಕ್ತ ಓಡಿತು. ಶ್ವಾಸಕೋಶದಿಂದ ಆಮ್ಲಜನಕದ ಕೆಂಪು ರಿಬ್ಬನ್ ಕಟ್ಟಿಸಿಕೊಂಡು ಬಂದವರು ಮಾತಾಡಿದರು, ನಕ್ಕರು, ಮುಂದೆ ಹೋದರು. ಎಲ್ಲವೂ ಚೆನ್ನಾಗಿ ನಡೆಯುತ್ತಿರುವಾಗ ಒಂದು ರಕ್ತಕಣ ದಾರಿ ತಪ್ಪಿ, ದಾಟಿದ ಬಾಗಿಲಿಗೇ ತಿರುಗಿ ಬಂದು ಯಕ್ಷಿತಾಳ ಮುಂದೆ ನಿಂತಿತು.

ಯಕ್ಷಿತಾ ಕೈ ಅಡ್ಡ ಹಿಡಿದಳು. ಬಾಯಿ ತೆರೆದಳು. ನಿಂತಳು.

ನನಗೆ ಆ ನಿಲುಗಡೆ ಚೆನ್ನಾಗಿ ಗೊತ್ತು. 'ಕವಾಟವು ರಕ್ತದ ಹಿಮ್ಮುಖ ಚಲನೆಯನ್ನು ತಡೆಯುತ್ತದೆ' ಎಂಬ ವಾಕ್ಯ ನನ್ನ ನಾಲಗೆಯ ತುದಿಯಲ್ಲಿ ಕುಳಿತಿತ್ತು. ಹೇಳಿದ್ದರೆ ಅವಳು ಒಪ್ಪಿಸುತ್ತಿದ್ದಳು, ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಮುಖ್ಯೋಪಾಧ್ಯಾಯಿನಿಯವರು ಕೈಗಡಿಯಾರ ನೋಡಿಕೊಂಡರು. ಅವಳ ಅಮ್ಮ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡರು. ನಾನು ಡಬ್ಬ ಬಡಿಯುತ್ತಲೇ ಇದ್ದೆ. ಎಂಟು, ಒಂಬತ್ತು, ಹತ್ತು. ಎಣಿಸುತ್ತಿದ್ದದ್ದು ಕೊಂಕಣಿಯಲ್ಲಿ. ಹನ್ನೊಂದು, ಹನ್ನೆರಡು.

"ನೀನು ಹಿಂದೆ ಬರ್ಲಿಕ್ಕೆ ಆಗುದಿಲ್ಲ ಮಾರಾಯ" ಎಂದಳು ಯಕ್ಷಿತಾ. ಧ್ವನಿ ಸಣ್ಣದಿತ್ತು, ಆದರೂ ಡಬ್ಬದ ಬಡಿತದ ನಡುವೆ ಎಲ್ಲರಿಗೂ ಕೇಳಿಸಿತು. "ಮಳೆಗಾಲದಲ್ಲಿ ನಮ್ಮ ಅಜ್ಜ ತೋಡಿನಲ್ಲಿ ಬಿದಿರಿನ ಬುಟ್ಟಿ ಇಡ್ತಾರೆ. ಅದರ ಬಾಯಿಯಲ್ಲಿ ಕಡ್ಡಿಗಳು ಒಳಗೆ ಮುಖ ಮಾಡಿ ಉಂಟು. ಮೀನು ಒಳಗೆ ಹೋಗುವಾಗ ಕಡ್ಡಿ ದಾರಿ ಬಿಡ್ತದೆ. ಹೊರಗೆ ಬರ್ತೇನೆ ಅಂದ್ರೆ ಚುಚ್ಚುತ್ತದೆ. ನಾನು ಆ ಕಡ್ಡಿ. ನೀನು ಮೀನು. ಈಗ ಮುಂದೆ ಹೋಗು."

ರಕ್ತಕಣ ನಗುತ್ತ ಮುಂದೆ ಓಡಿತು. ಸುತ್ತಲೂ ನಗು, ಚಪ್ಪಾಳೆ. ಇಷ್ಟು ವರ್ಷ ಕವಾಟದ ಪಾಠ ಮಾಡಿದ ನನಗೆ ಅಷ್ಟು ಚಂದದ ಮಾತು ಒಮ್ಮೆಯೂ ಸಿಕ್ಕಿರಲಿಲ್ಲ. ಮುಖ್ಯೋಪಾಧ್ಯಾಯಿನಿಯವರು ನನ್ನ ಕಡೆ ನೋಡಿ, ಗಾಳಿಯಲ್ಲಿ ಬೆರಳಿನಿಂದ ಒಂದು ಹೆಸರು ಹೊಡೆದುಹಾಕಿದರು. ನನಗೆ ಕಣ್ಣು ತುಂಬಿ ಬಂತು. ಸಂತೋಷ ತಡೆಯಲಾರದೆ ಕೋಲು ಕೆಳಗಿಟ್ಟು, ಸುಣ್ಣದ ಗೆರೆ ದಾಟಿ ಅವಳ ಹತ್ತಿರ ಹೋಗಿ, "ವೆರಿ ಗುಡ್ ಯಕ್ಷಿತಾ, ನೋಡಿ ಎಲ್ಲರೂ, ಅಂದರೆ ಕವಾಟವು..." ಎಂದು ಶುರುಮಾಡಿದೆ.

ಯಕ್ಷಿತಾ ನನ್ನ ಕಡೆ ತಿರುಗಿದಳು. ರಕ್ತಕ್ಕೆ ಅಡ್ಡ ಹಿಡಿದ ಹಾಗೆಯೇ ನನಗೂ ಅಂಗೈ ಅಡ್ಡ ಹಿಡಿದಳು.

"ಟೀಚರ್," ಎಂದಳು, "ನಂದು ಇನ್ನೂ ಮುಗಿಲಿಲ್ಲ."